ಟೆಕ್ ವ್ಯಾಪಾರ ತೆರೆದಿಟ್ಟರೆ ‘ಹಾರ್ಡ್’ ಎಂದರೆ ಯಾವ ಹಾರ್ಡ್?

ಬಾಹ್ಯಾಕಾಶ ಸ್ಟ್ರಾಟಜಿ ಗೇಮ್ ಆಡುವವರ ನಡುವೆ ಮುಗಿಯದ ಜಗಳವೊಂದಿದೆ. ‘ಹಾರ್ಡ್ ಮಟ್ಟದಲ್ಲಿ ತಲೆ ಎತ್ತಲೂ ಆಗಲಿಲ್ಲ, ಐವತ್ತನೇ ಟರ್ನ್‌ಗೇ ಎಲ್ಲರೂ ನನಗಿಂತ ಮುಂದಿದ್ದರು’ ಎಂದು ಒಬ್ಬರು ಹೇಳುತ್ತಾರೆ. ‘ಅದಕ್ಕಿಂತ ಮೇಲಿನ ಮಟ್ಟದಲ್ಲೇ ನಿದ್ದೆಗಣ್ಣಲ್ಲಿ ಗೆದ್ದೆ’ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತೂ ನಿಜವಿರಬಹುದು, ಇಬ್ಬರೂ ಒಂದೇ ಗೇಮ್ ಆಡಿರಬಹುದು. ಮೊದಲನೆಯವರು ಇಡೀ ಆಟದಲ್ಲಿ ಮಾತುಕತೆಯ ಪರದೆಯನ್ನು ತೆರೆದೇ ಇಲ್ಲ. ಎರಡನೆಯವರು ಪ್ರತಿ ಕೆಲವು ಟರ್ನ್‌ಗೆ (ಆಡುವ ಸರದಿಗೆ) ಎಲ್ಲ ಸಾಮ್ರಾಜ್ಯಗಳ ಬಾಗಿಲು ತಟ್ಟಿ ಟೆಕ್ (ಸಂಶೋಧನೆಯಿಂದ ಸಿಗುವ ತಂತ್ರಜ್ಞಾನ) ಕೊಟ್ಟು ಟೆಕ್ ತಂದಿದ್ದಾರೆ. ವ್ಯತ್ಯಾಸ ಇರುವುದು ಅಲ್ಲಿ.

ಕಷ್ಟದ ಮಟ್ಟ ಒಂದು ಸೆಟ್ಟಿಂಗ್, ಟೆಕ್ ವ್ಯಾಪಾರ ಇನ್ನೊಂದು ಎಂದು ಮೆನು ತೋರಿಸುತ್ತದೆ. ಆಟದ ಒಳಗೆ ಅವೆರಡೂ ಬೇರೆ ಬೇರೆ ಅಲ್ಲ. ಎರಡನೆಯದು ಮೊದಲನೆಯದನ್ನು ಗುಣಿಸುತ್ತದೆ, ಕೆಲವೊಮ್ಮೆ ತಲೆಕೆಳಗು ಮಾಡುತ್ತದೆ.

ವ್ಯಾಪಾರ ಯಾಕೆ ಬಂತು

1993ರಲ್ಲಿ ಸಿಮ್‌ಟೆಕ್ಸ್ ತಯಾರಿಸಿ ಮೈಕ್ರೋಪ್ರೋಸ್ ಹೊರತಂದ ‘ಮಾಸ್ಟರ್ ಆಫ್ ಓರಿಯನ್’ ಈ ಪ್ರಕಾರದ ಮೂಲಪುರುಷ ಎನ್ನಬಹುದು. ಅದರ ಬಗ್ಗೆ ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಪತ್ರಿಕೆಯಲ್ಲಿ ಬರೆಯುವಾಗಲೇ ಅಲನ್ ಎಮ್ರಿಚ್ ನಾಲ್ಕು ‘ಎಕ್ಸ್’ಗಳ ಮಾತು ತಂದದ್ದು. ಹುಡುಕು, ಹರಡು, ದುಡಿಸಿಕೊ, ನಿರ್ನಾಮ ಮಾಡು ಎಂಬ ಆ ನಾಲ್ಕರಿಂದ ‘ಫೋರ್ ಎಕ್ಸ್’ ಎಂಬ ಹೆಸರು ಹುಟ್ಟಿತು. ಆ ಪಟ್ಟಿಯಲ್ಲಿ ವ್ಯಾಪಾರ ಇಲ್ಲವೇ ಇಲ್ಲ ಎಂಬುದು ತಮಾಷೆಯಾಗಿದೆ. ಯಾಕೆಂದರೆ ಆ ಗೇಮ್‌ನ ಒಳಗೇ ವ್ಯಾಪಾರವಿಲ್ಲದೆ ಉಸಿರುಗಟ್ಟುವ ಏರ್ಪಾಟಿತ್ತು.

ಅಲ್ಲಿ ಸಂಶೋಧನೆಗೆ ಆರು ಕ್ಷೇತ್ರಗಳು: ಕಂಪ್ಯೂಟರ್, ಕಟ್ಟಡ, ರಕ್ಷಾಕವಚ, ಗ್ರಹವಿಜ್ಞಾನ, ನೋದನ (ಹಡಗಿನ ಎಂಜಿನ್), ಆಯುಧ. ಆದರೆ ಪ್ರತಿ ಹೊಸ ಆಟದಲ್ಲೂ ಪ್ರತಿ ಜನಾಂಗಕ್ಕೆ ಸಿಗುವ ಟೆಕ್ ಪಟ್ಟಿಯಲ್ಲಿ ಅಲ್ಲಲ್ಲಿ ತೂತುಗಳಿರುತ್ತವೆ, ಆ ತೂತುಗಳು ಎಲ್ಲಿ ಬೀಳುತ್ತವೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ನಿಮ್ಮ ಪಟ್ಟಿಯಲ್ಲಿ ಇಲ್ಲದ್ದನ್ನು ಎಷ್ಟು ದುಡ್ಡು ಸುರಿದರೂ ನೀವು ಕಂಡುಹಿಡಿಯಲಾರಿರಿ. ಕೊಡು-ಕೊಳ್ಳು ಮಾಡಬೇಕು, ಗೂಢಚಾರರನ್ನು ಬಿಟ್ಟು ಕದಿಯಬೇಕು, ಇಲ್ಲವೇ ಗ್ರಹವನ್ನು ಗೆದ್ದು ಕಿತ್ತುಕೊಳ್ಳಬೇಕು.

1996ರ ‘ಮಾಸ್ಟರ್ ಆಫ್ ಓರಿಯನ್ 2’ ಈ ಕೊರತೆಯನ್ನು ಅದೃಷ್ಟದಿಂದ ತೆಗೆದು ಆಟಗಾರನ ಕೈಗೆ ಕೊಟ್ಟಿತು. ಆಪ್ಟ್ರಾನಿಕ್ಸ್ ಎಂಬ ಮೆಟ್ಟಿಲಿಗೆ ಬಂದಾಗ ರಿಸರ್ಚ್ ಲ್ಯಾಬೊರೇಟರಿ, ಆಪ್ಟ್ರಾನಿಕ್ ಕಂಪ್ಯೂಟರ್, ಡಾಂಟ್‌ಲೆಸ್ ಗೈಡೆನ್ಸ್ ಸಿಸ್ಟಮ್ ಎಂಬ ಮೂರು ಕಾಣುತ್ತವೆ, ಒಂದನ್ನು ಆರಿಸಿದರೆ ಉಳಿದೆರಡು ಕೈತಪ್ಪುತ್ತವೆ. ಬಹುತೇಕ ಎಲ್ಲರೂ ಲ್ಯಾಬ್ ತೆಗೆದುಕೊಳ್ಳುತ್ತಾರೆ ಎನ್ನುವುದು ಬೇರೆ ಮಾತು. ‘ಕ್ರಿಯೇಟಿವ್’ ಗುಣವಿರುವ ಜನಾಂಗಕ್ಕೆ ಮಾತ್ರ ಮೂರೂ ಸಿಗುತ್ತವೆ, ‘ಅನ್‌ಕ್ರಿಯೇಟಿವ್’ಗೆ ಆರಿಸುವ ಹಕ್ಕೂ ಇಲ್ಲ. ಜನಾಂಗವನ್ನು ಸ್ವಂತವಾಗಿ ರೂಪಿಸಿಕೊಳ್ಳುವಾಗ ಕ್ರಿಯೇಟಿವ್ ಗುಣಕ್ಕೆ ಎಂಟು ಅಂಕ ತೆರಬೇಕು. ದುಬಾರಿಯೇ. ಆದರೆ ಆ ಬೆಲೆ ಸರಿಯೋ ತಪ್ಪೋ ಎಂಬುದು ಟೆಕ್ ವಿನಿಮಯ ಎಷ್ಟು ಸಲೀಸು ಎಂಬುದರ ಮೇಲೆ ನಿಂತಿದೆ. ಕೈತಪ್ಪಿದ್ದನ್ನು ನೆರೆಯವನಿಂದ ಅಗ್ಗವಾಗಿ ತರಬಹುದಾದರೆ ಎಂಟು ಅಂಕ ದಂಡ, ತರಲಾಗದಿದ್ದರೆ ಅದೇ ಎಂಟು ಅಂಕ ಬಂಗಾರ.

ಈ ಎರಡೂ ಗೇಮ್‌ಗಳಲ್ಲಿ ವ್ಯಾಪಾರ ಇರುವುದು ಕೊರತೆಯನ್ನು ತುಂಬಿಕೊಳ್ಳಲು. ಎಲ್ಲರಿಗೂ ಎಲ್ಲ ಟೆಕ್ ತೆರೆದಿರುವ ಗೇಮ್‌ಗಳಿಗೆ ಅದೇ ವ್ಯಾಪಾರವನ್ನು ಎತ್ತಿ ತಂದಾಗ ಅದರ ಕೆಲಸ ಬದಲಾಯಿತು. ಅಲ್ಲಿ ಅದು ಬರೀ ವೇಗ ಹೆಚ್ಚಿಸುವ ಯಂತ್ರ.

ಕೊಟ್ಟರೂ ಕರಗದ ಸರಕು

ಹಡಗು ಮಾರಿದರೆ ಹಡಗು ಹೋಯಿತು. ಗ್ರಹ ಬಿಟ್ಟುಕೊಟ್ಟರೆ ಗ್ರಹ ಹೋಯಿತು. ಟೆಕ್ ಹಾಗಲ್ಲ, ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಂತೆ ಕೊಟ್ಟವನ ಬಳಿಯೂ ಉಳಿಯುತ್ತದೆ. ಮಾರುವವನಿಗೆ ಆಗುವ ಒಂದೇ ನಷ್ಟ ಎಂದರೆ ಎದುರಾಳಿಗೆ ಹೋಲಿಸಿದರೆ ಅವನಿಗಿದ್ದ ಮುನ್ನಡೆ.

ಇಬ್ಬರೇ ಇರುವ ಆಟದಲ್ಲಿ ಇದಕ್ಕೆ ಅರ್ಥವಿಲ್ಲ. ನಾನು ಪಡೆದದ್ದಕ್ಕಿಂತ ನೀನು ಪಡೆದದ್ದು ಹೆಚ್ಚಾದರೆ ನಾನು ಸೋತೆ, ಅಷ್ಟೇ. ಎಂಟು ಜನರಿರುವಾಗ ಚಿತ್ರ ಬೇರೆ. ನಾವಿಬ್ಬರು ಬದಲಾಯಿಸಿಕೊಂಡರೆ ಇಬ್ಬರೂ ಉಳಿದ ಆರು ಜನರಿಗಿಂತ ಒಂದು ಹೆಜ್ಜೆ ಮುಂದೆ ಹೋದೆವು. ಆದ್ದರಿಂದ ವ್ಯಾಪಾರ ಮಾಡದವನು ಕೂತಲ್ಲೇ ಹಿಂದೆ ಬೀಳುತ್ತಾನೆ.

ಲೆಕ್ಕ ಹಾಕಿ ನೋಡೋಣ. ನೀವು ಮತ್ತು ಏಳು ಎಐ (ಕಂಪ್ಯೂಟರೇ ಆಡುವ) ಸಾಮ್ರಾಜ್ಯಗಳು. ಸಮಬಲದವರು ಹತ್ತು ಟರ್ನ್‌ಗೆ ಒಂದು ಟೆಕ್ ಕಂಡುಹಿಡಿಯುತ್ತಾರೆ ಎಂದುಕೊಳ್ಳಿ. ನೂರು ಟರ್ನ್‌ಗೆ ನಿಮ್ಮದು 10. ನೀವು ಆರಿಸಿದ ಕಷ್ಟದ ಮಟ್ಟ ಎಐಗೆ 50% ಸಂಶೋಧನಾ ಬೋನಸ್ ಕೊಡುತ್ತದೆ, ಹಾಗಾಗಿ ಪ್ರತಿ ಎಐದು 15. ವ್ಯಾಪಾರ ಮುಚ್ಚಿದ್ದರೆ ಪಂದ್ಯ 10ಕ್ಕೆ 15. ಕಷ್ಟ, ಆದರೆ ಒಳ್ಳೆಯ ಯುದ್ಧತಂತ್ರದಿಂದ ಸರಿದೂಗಿಸಬಹುದು. ಡೆವಲಪರ್ ಆ ಮಟ್ಟಕ್ಕೆ ‘ಹಾರ್ಡ್’ ಎಂದು ಹೆಸರಿಟ್ಟದ್ದು ಬಹುಶಃ ಈ ಅಂತರವನ್ನು ನೋಡಿಯೇ.

ಈಗ ಎಐಗಳು ತಮ್ಮತಮ್ಮೊಳಗೆ ವಿನಿಮಯ ಮಾಡುತ್ತವೆ, ನಿಮ್ಮನ್ನು ಹೊರಗಿಡುತ್ತವೆ ಎನ್ನಿ. ಏಳು ಸಾಮ್ರಾಜ್ಯಗಳು ಸೇರಿ 105 ಸಂಶೋಧನೆ. ಒಂದೇ ಟೆಕ್ ಅನ್ನು ಹಲವರು ಕಂಡುಹಿಡಿದಿರುತ್ತಾರಲ್ಲ, ಅದನ್ನೆಲ್ಲ ಕಳೆದು ಮೂರರಲ್ಲಿ ಒಂದು ಪಾಲು ಮಾತ್ರ ಬೇರೆ ಬೇರೆ ಎಂದಿಟ್ಟರೂ 35. ಪ್ರತಿಯೊಬ್ಬರ ಬಳಿಯೂ 35, ನಿಮ್ಮ ಬಳಿ 10. ಕಷ್ಟದ ಮಟ್ಟದ ಸ್ಲೈಡರ್ ಕದಲಿಲ್ಲ, ಹೆಸರು ಅದೇ ‘ಹಾರ್ಡ್’, ಆದರೆ ಇದು ಆಟವಲ್ಲ, ಶಿಕ್ಷೆ.

ಮೂರನೆಯ ಸಂದರ್ಭದಲ್ಲಿ ಮಧ್ಯವರ್ತಿ ನೀವು. ಎಐಗಳ ನಡುವೆ ಹಳೆಯ ದ್ವೇಷಗಳಿವೆ, ಪರಸ್ಪರ ಮಾತಿಲ್ಲ. ನೀವು ಮಾತ್ರ ಎಲ್ಲರ ಜೊತೆ ನಗುನಗುತ್ತಾ ಇದ್ದೀರಿ. ಒಟ್ಟು 115ರಲ್ಲಿ ಮೂರನೆಯ ಒಂದು ಪಾಲು, ಅಂದರೆ ಸುಮಾರು 38 ನಿಮ್ಮಲ್ಲಿಗೆ ಬಂದು ಬೀಳುತ್ತವೆ. ಅವರಿಗೆ ನೀವು ಎಷ್ಟು ಹಂಚುತ್ತೀರೋ ಅಷ್ಟು ಮಾತ್ರ. ಈಗ ಮಟ್ಟವನ್ನು ಇನ್ನೂ ಏರಿಸಿ, ಎಐ ಬೋನಸ್ 100% ಮಾಡಿ. ವ್ಯಾಪಾರ ಮುಚ್ಚಿದ ಆಟದಲ್ಲಿ ಪಂದ್ಯ 10ಕ್ಕೆ 20 ಆಗಿ ನೀವು ಇನ್ನಷ್ಟು ಕಷ್ಟಕ್ಕೆ ಸಿಲುಕುತ್ತೀರಿ. ಮಧ್ಯವರ್ತಿಯ ಆಟದಲ್ಲಿ ಮಾತ್ರ ನಿಮ್ಮ 38 ಏರಿ 50 ಆಗುತ್ತದೆ! ಶತ್ರುವಿಗೆ ಕೊಟ್ಟ ಬೋನಸ್ ನಿಮ್ಮ ಖಜಾನೆಗೆ ಹರಿದು ಬಂತು. ಮೇಲಿನ ಮಟ್ಟದಲ್ಲೇ ಸುಲಭವಾಗಿ ಗೆದ್ದೆ ಎನ್ನುವವರ ಗುಟ್ಟು ಇದು.

ಸಂಖ್ಯೆಗಳು ಉದಾಹರಣೆಗಾಗಿ. ನಿಜವಾದ ಗೇಮ್‌ನಲ್ಲಿ ಟೆಕ್ ಬೆಲೆ ಏರುತ್ತಾ ಹೋಗುವುದರಿಂದ ಅಂತರ ಇಷ್ಟು ಒರಟಾಗಿ ಕಾಣುವುದಿಲ್ಲ. ದಿಕ್ಕು ಮಾತ್ರ ಇದೇ.

ಒಂದು ಟರ್ನ್‌ನ ದಲ್ಲಾಳಿತನ

ಮಧ್ಯವರ್ತಿಯ ಕೆಲಸ ಎಷ್ಟು ಸಲೀಸು ಎಂದು ಹತ್ತಿರದಿಂದ ನೋಡಬೇಕು. ನಿಮ್ಮ ಬಳಿ ಹೊಸದಾಗಿ ಒಂದು ಸಂಶೋಧನಾಲಯದ ಟೆಕ್ ಇದೆ. ಮೊದಲ ಸಾಮ್ರಾಜ್ಯಕ್ಕೆ ಅದನ್ನು ಕೊಟ್ಟು ಅವರ ಲೇಸರ್ ಆಯುಧ ಪಡೆಯುತ್ತೀರಿ. ಎರಡನೆಯವರಿಗೆ ಆ ಲೇಸರ್ ಕೊಟ್ಟು ಕೃಷಿಯ ಟೆಕ್ ತರುತ್ತೀರಿ. ಮೂರನೆಯವರಿಗೆ ಕೃಷಿ ಕೊಟ್ಟು ಉತ್ತಮ ಎಂಜಿನ್ ತರುತ್ತೀರಿ. ಆ ಎಂಜಿನ್ ಮೊದಲನೆಯವರ ಬಳಿ ಇಲ್ಲ ಎಂದು ತಿಳಿದು ಮತ್ತೆ ಅಲ್ಲಿಗೆ ಹೋಗಿ, ಅವರಲ್ಲಿರುವ ಚಿನ್ನವನ್ನೆಲ್ಲ ಬಾಚಿಕೊಳ್ಳುತ್ತೀರಿ. ಟರ್ನ್ ಇನ್ನೂ ಮುಗಿದಿಲ್ಲ. ಖರ್ಚಾದದ್ದು ಶೂನ್ಯ.

ಎಐ ಇಲ್ಲಿ ಪೆದ್ದಾಗಿ ವರ್ತಿಸಿತೇ? ಒಂದೊಂದು ವ್ಯವಹಾರವನ್ನೂ ಬಿಡಿಯಾಗಿ ನೋಡಿದರೆ ಇಲ್ಲ, ಪ್ರತಿಯೊಂದೂ ತೂಕಕ್ಕೆ ತೂಕ. ತಪ್ಪು ಇರುವುದು ತಕ್ಕಡಿಯಲ್ಲೇ. ಎಐ ತೂಗುವುದು ಸಾಮಾನ್ಯವಾಗಿ ಟೆಕ್‌ನ ಸಂಶೋಧನಾ ಬೆಲೆ, ತನಗಿರುವ ಉಪಯೋಗ, ನಿಮ್ಮ ಮೇಲಿರುವ ವಿಶ್ವಾಸ ಇವಿಷ್ಟನ್ನೇ. ‘ಇದನ್ನು ಇವನು ಈ ಟರ್ನ್‌ನಲ್ಲೇ ಇನ್ನು ಐದು ಜನರಿಗೆ ಮಾರುತ್ತಾನೆ’ ಎಂಬುದನ್ನಾಗಲೀ, ‘ಇವನೇ ಈಗ ಎಲ್ಲರಿಗಿಂತ ಮುಂದಿದ್ದಾನೆ’ ಎಂಬುದನ್ನಾಗಲೀ ಅದು ತೂಗುವುದಿಲ್ಲ. ಇನ್ನೊಂದು ವಿಷಯ: ಎಂಟು ಸಾಮ್ರಾಜ್ಯಗಳಿದ್ದರೆ 28 ಜೋಡಿಗಳಾಗುತ್ತವೆ. ಮನುಷ್ಯ ಆಟಗಾರ ತಾಳ್ಮೆಯಿಂದ ಕೂತು ಲಾಭದ ಸರಪಳಿ ಹುಡುಕುತ್ತಾನೆ. ಎಐಗೆ ಅಷ್ಟು ಲೆಕ್ಕ ಮಾಡಿಸಿದರೆ ಟರ್ನ್ ನಿಧಾನವಾಗುತ್ತದೆ. ಆದ್ದರಿಂದ ಅದಕ್ಕೆ ಸಿಗುವುದು ಅಂದಾಜಿನ ಸೂತ್ರ ಮಾತ್ರ.

ನನಗೆ ಇದರಲ್ಲಿ ಬೇಸರ ತರುವುದು ಅನ್ಯಾಯಕ್ಕಿಂತ ಹೆಚ್ಚಾಗಿ ದುಡಿಮೆ. ಗೆಲ್ಲಲು ಅತಿ ಉತ್ತಮ ದಾರಿ ಎಂದರೆ ಪ್ರತಿ ಟರ್ನ್ ಏಳು ಮಾತುಕತೆ ಪರದೆ ತೆರೆದು ಮುಚ್ಚುವುದು ಎಂದಾದರೆ ಜನ ಅದನ್ನೇ ಮಾಡುತ್ತಾರೆ, ಮಾಡುತ್ತಾ ಬೈಯುತ್ತಾರೆ. ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟಲು ಬಂದವರು ಗುಮಾಸ್ತರಾಗುತ್ತಾರೆ.

ಗ್ರಹಕ್ಕೆ ಸೀಮಿತವಾದ ಸೋದರ ಗೇಮ್‌ಗಳಲ್ಲಿ ಈ ನಂಟು ಇನ್ನೂ ಬಿಚ್ಚುಮನಸ್ಸಿನಿಂದ ಕಾಣುತ್ತದೆ. 2001ರ ‘ಸಿವಿಲೈಸೇಶನ್ 3’ರ ನಿಯಮಗಳನ್ನು ತಿದ್ದುವ ಎಡಿಟರ್ ತೆರೆದರೆ ಪ್ರತಿ ಕಷ್ಟದ ಮಟ್ಟದ ಕೆಳಗೂ ಎಐ ತೆರುವ ವೆಚ್ಚದ ಅಂಕಿ ಇದೆ. ಸಮಬಲದ ‘ರೀಜೆಂಟ್’ ಮಟ್ಟದಲ್ಲಿ ಅದು 10, ‘ಡೀಟಿ’ಯಲ್ಲಿ 6. ಅಂದರೆ ನಾವು ಹತ್ತು ತೆರುವಲ್ಲಿ ಅದು ಆರು ತೆರುತ್ತದೆ. ಅದರ ಪಕ್ಕದಲ್ಲೇ ಎಐ ಮತ್ತು ಎಐ ನಡುವಿನ ವ್ಯಾಪಾರದ ದರ ಎಂಬ ಇನ್ನೊಂದು ಅಂಕಿ. ಮಟ್ಟ ಏರಿದಂತೆ ಅವು ತಮ್ಮೊಳಗೆ ಇನ್ನಷ್ಟು ಉದಾರವಾಗಿ ಕೊಟ್ಟುಕೊಳ್ಳುತ್ತವೆ. ಡಿಫಿಕಲ್ಟಿ ಎಂದರೆ ಅರ್ಧ ವೆಚ್ಚದ ಪ್ರಶ್ನೆ, ಇನ್ನರ್ಧ ವ್ಯಾಪಾರದ ಪ್ರಶ್ನೆ ಎಂದು ಅಲ್ಲಿ ಒಪ್ಪಿಕೊಂಡಂತಾಯಿತು.

ಬೇಲಿ ಹಾಕುವ ಬಗೆಗಳು

ಮೊದಲ ಬೇಲಿ ಎಐನ ಬಾಯಲ್ಲಿ. 2005ರ ‘ಸಿವಿಲೈಸೇಶನ್ 4’ರಲ್ಲಿ ಎಐ ಒಂದು ಹಂತದ ನಂತರ ‘ನೀವು ತುಂಬಾ ಮುಂದುವರಿಯುತ್ತಿದ್ದೀರಿ ಎಂಬ ಭಯ ನಮಗೆ’ ಎಂಬರ್ಥದ ಮಾತು ಹೇಳಿ ಟೆಕ್ ಕೊಡಲು ನಿರಾಕರಿಸುತ್ತದೆ. ಎಲ್ಲರ ಬಳಿ ಇನ್ನೂ ಹರಡಿಲ್ಲದ ಹೊಸ ಟೆಕ್ ಅನ್ನು ‘ಈಗಲೇ ಮಾರಲು ಮನಸ್ಸಿಲ್ಲ’ ಎನ್ನುತ್ತದೆ. ಕೇಳಿದವರಿಗೆ ಸಿಟ್ಟು ಬರುವುದು ನಿಜ, ಆದರೆ ಎಐ ಇಲ್ಲಿ ತನ್ನ ಮುನ್ನಡೆಗೂ ಬೆಲೆ ಕಟ್ಟುತ್ತದೆ. ಅದೇ ಗೇಮ್‌ನ 2007ರ ವಿಸ್ತರಣೆ ‘ಬಿಯಾಂಡ್ ದ ಸ್ವೋರ್ಡ್’ ಇನ್ನೊಂದು ಆಯ್ಕೆ ತಂದಿತು: ಸ್ವತಃ ಸಂಶೋಧಿಸಿದ ಟೆಕ್ ಮಾತ್ರ ಮಾರಬಹುದು, ಬೇರೆಯವರಿಂದ ಬಂದದ್ದನ್ನು ಮುಂದೆ ದಾಟಿಸುವಂತಿಲ್ಲ. ಒಂದೇ ಸಾಲಿನ ನಿಯಮ. ಮೇಲೆ ನೋಡಿದ ಲೇಸರ್-ಕೃಷಿ-ಎಂಜಿನ್ ಸರಪಳಿ ಎರಡನೇ ಕೊಂಡಿಯಲ್ಲೇ ತುಂಡಾಗುತ್ತದೆ. ವ್ಯಾಪಾರದ ರುಚಿ ಉಳಿಯುತ್ತದೆ, ದಲ್ಲಾಳಿತನ ಸಾಯುತ್ತದೆ. ಎಲ್ಲ ಬೇಲಿಗಳಲ್ಲಿ ನನಗೆ ಇಷ್ಟವಾದದ್ದು ಇದೇ, ಯಾಕೆಂದರೆ ಯಾವ ಟೆಕ್ ಸಂಶೋಧಿಸಬೇಕು ಎಂಬ ಪ್ರಶ್ನೆಗೆ ಅದು ಮತ್ತೆ ಜೀವ ಕೊಡುತ್ತದೆ. ಇತರರ ಬಳಿ ಇಲ್ಲದ್ದನ್ನು ನೀವೇ ಕಂಡುಹಿಡಿದರೆ ಮಾತ್ರ ನಿಮ್ಮ ಅಂಗಡಿಯಲ್ಲಿ ಸರಕು.

ಎರಡನೆಯ ಬಗೆ, ಟೆಕ್ ಅನ್ನು ಇಡಿಯಾಗಿ ಕೊಡುವುದನ್ನೇ ನಿಲ್ಲಿಸಿ ವೇಗವನ್ನು ಮಾತ್ರ ಹಂಚಿಕೊಳ್ಳುವುದು. 2016ರ ‘ಸ್ಟೆಲಾರಿಸ್’ನಲ್ಲಿ ಟೆಕ್ ಮಾರಾಟ ಇಲ್ಲ, ಸಂಶೋಧನಾ ಒಪ್ಪಂದ ಇದೆ. ಪಾಲುದಾರನ ಬಳಿ ಈಗಾಗಲೇ ಇರುವ ಟೆಕ್ ನಿಮಗೆ ಬೇಗ ಕೈಗೂಡುತ್ತದೆ, ಆದರೆ ದುಡಿಮೆ ನಿಮ್ಮದೇ. ಯುದ್ಧದಲ್ಲಿ ನಾಶವಾದ ಶತ್ರು ಹಡಗುಗಳ ಅವಶೇಷವನ್ನು ಪರೀಕ್ಷಿಸಿಯೂ ಅವರ ಟೆಕ್ ಕಡೆಗೆ ಒಂದಿಷ್ಟು ಮುಂದೆ ಸಾಗಬಹುದು. ಹಿಂದೆ ಬಿದ್ದವನು ಬೇಗ ಬೇಗ ಹೆಜ್ಜೆ ಹಾಕಬಲ್ಲ, ಹಾರಲಾರ. ಹಾಗಾಗಿ ಅಲ್ಲಿ ಅತಿ ಕಷ್ಟದ ಮಟ್ಟವಾದ ‘ಗ್ರ್ಯಾಂಡ್ ಅಡ್ಮಿರಲ್’ ಎಂದರೆ ಬಹುಮಟ್ಟಿಗೆ ಹೆಸರು ಹೇಳುವಷ್ಟೇ ಕಷ್ಟ. ಎಐ ಬೋನಸ್ ನಿಮ್ಮ ಕಡೆಗೆ ಸೋರುವ ದಾರಿಗಳು ಕಿರಿದಾಗಿವೆ.

ಒಪ್ಪಂದದ ದಾರಿಯೂ ಮೋಸಕ್ಕೆ ಹೊರತಲ್ಲ. 2010ರ ‘ಸಿವಿಲೈಸೇಶನ್ 5’ ಟೆಕ್ ವಿನಿಮಯವನ್ನು ತೆಗೆದುಹಾಕಿ ಸಂಶೋಧನಾ ಒಪ್ಪಂದ ತಂದಾಗ, ಒಪ್ಪಂದದ ಅವಧಿ ಮುಗಿದೊಡನೆ ಒಂದು ಟೆಕ್ ಪುಕ್ಕಟೆ ಸಿಗುತ್ತಿತ್ತು. ಜನ ಸುಮ್ಮನಿರುತ್ತಾರೆಯೇ? ಅಗ್ಗದ ಟೆಕ್‌ಗಳನ್ನು ದಾರಿಯಿಂದ ಸರಿಸಿ ದುಬಾರಿಯದೇ ಸಿಗುವಂತೆ ಮಾಡುವ ಕಲೆ ಬೆಳೆಯಿತು. ಕೊನೆಗೆ ಗೇಮ್ ತಿದ್ದುವ ಪ್ಯಾಚ್ ಬಂದು ಇಡೀ ಟೆಕ್ ಬದಲು ಸಂಶೋಧನಾ ಅಂಕಗಳು ಸಿಗುವಂತಾಯಿತು.

ಮೂರನೆಯದು ತಾನಾಗಿಯೇ ಹರಡುವ ಜ್ಞಾನ. ಮುಕ್ತ ತಂತ್ರಾಂಶವಾದ ‘ಫ್ರೀಸಿವ್’ನಲ್ಲಿ ನೀವು ರಾಯಭಾರ ಕಚೇರಿ ಇಟ್ಟಿರುವ ನಾಡುಗಳಲ್ಲಿ ಎಷ್ಟು ಜನರಿಗೆ ಒಂದು ಟೆಕ್ ಗೊತ್ತೋ ಅದಕ್ಕೆ ತಕ್ಕಂತೆ ನಿಮಗೆ ಅದರ ವೆಚ್ಚ ಇಳಿಯುವಂತೆ ಮಾಡಬಹುದು. ಮಾತುಕತೆಯೇ ಬೇಡ. ಅಲ್ಲೇ, ಒಪ್ಪಂದದ ಮೂಲಕ ಟೆಕ್ ಪಡೆದರೆ ನಿಮ್ಮ ಸಂಶೋಧನಾ ಸಂಗ್ರಹದಿಂದ ಒಂದು ಪಾಲು ಕಡಿತವಾಗುವ ಸರ್ವರ್ ಆಯ್ಕೆಯೂ ಇದೆ. ಕೊಟ್ಟವನಿಗೆ ನಷ್ಟವಿಲ್ಲದಿದ್ದರೂ ಪಡೆದವನು ಏನಾದರೂ ತೆರಲಿ ಎಂಬ ಯೋಚನೆ.

ಗೆದ್ದ ನೆಲೆಯಿಂದ ಟೆಕ್ ಕಿತ್ತುಕೊಳ್ಳುವುದೂ ಈ ಲೆಕ್ಕಕ್ಕೆ ಸೇರಬೇಕು, ಸಾಮಾನ್ಯವಾಗಿ ಮರೆತುಹೋಗುತ್ತದೆ. ವ್ಯಾಪಾರ ಮುಚ್ಚಿದೆ ಎಂದು ನೆಮ್ಮದಿಯಿಂದ ಕೂತಿದ್ದರೆ ಯುದ್ಧದ ಬಾಗಿಲಲ್ಲಿ ಅದೇ ಸೋರಿಕೆ ನಡೆಯುತ್ತಿರುತ್ತದೆ. 1999ರ ‘ಆಲ್ಫಾ ಸೆಂಟಾರಿ’ ಇದನ್ನು ಗುರುತಿಸಿ, ನೆಲೆ ಗೆದ್ದಾಗ ಟೆಕ್ ಕದಿಯಬಹುದೇ ಇಲ್ಲವೇ ಎಂಬುದಕ್ಕೆ ಪ್ರತ್ಯೇಕ ಆಯ್ಕೆ ಇಟ್ಟಿತ್ತು. ಯಾವ ಟೆಕ್ ಬರುತ್ತದೆಂದು ನಿಖರವಾಗಿ ಆರಿಸಲಾಗದ ‘ಕುರುಡು ಸಂಶೋಧನೆ’, ಇಡೀ ಸಂಶೋಧನೆಯನ್ನೇ ನಿಧಾನ ಮಾಡುವ ನಿಯಮ ಎರಡೂ ಅದರಲ್ಲಿದ್ದವು. ಈ ಎಲ್ಲವನ್ನೂ ಆಟಗಾರನ ಕೈಗೇ ಬಿಟ್ಟದ್ದು ಆ ಗೇಮ್‌ನ ದೊಡ್ಡತನ.

ಗೂಢಚರ್ಯೆ ಬೇರೆಯೇ ಲೇಖನಕ್ಕೆ ವಸ್ತು, ಇಲ್ಲಿ ಬೇಡ.

ಬೋನಸ್ ಯಾವಾಗ ಕೊಡಬೇಕು

ಮೇಲೆ ಬೋನಸ್ ಎಂದಾಗ ಆಟದುದ್ದಕ್ಕೂ ಒಂದೇ ಸಮ ಎಂದುಕೊಂಡಿದ್ದೆವು. ಈ ಪ್ರಕಾರದ ಗೇಮ್‌ಗಳಲ್ಲಿ ಮೊದಲ ಮೂರನೆಯ ಒಂದು ಭಾಗದ ಮುನ್ನಡೆ ಬಡ್ಡಿ ಮೇಲೆ ಬಡ್ಡಿಯಂತೆ ಬೆಳೆಯುತ್ತದೆ. ಆರಂಭದಲ್ಲೇ ಎಐಗೆ ಭಾರಿ ಬೋನಸ್ ಕೊಟ್ಟರೆ ಮೊದಲ ಐವತ್ತು ಟರ್ನ್ ನರಕ. ಅದನ್ನು ದಾಟಿದ ಆಟಗಾರ ಒಮ್ಮೆ ಮುಂದೆ ಹೋದನೆಂದರೆ ಉಳಿದದ್ದು ಬರೀ ಒರೆಸುವ ಕೆಲಸ. ಟೆಕ್ ವ್ಯಾಪಾರ ಈ ಏರಿಕೆಯನ್ನು ಇನ್ನಷ್ಟು ಕಡಿದಾಗಿಸುತ್ತದೆ, ಯಾಕೆಂದರೆ ಎಲ್ಲರ ಪರಿಚಯವಾಗುವುದು ಆಟದ ಮಧ್ಯಕ್ಕೆ, ಆಗ ಒಂದೇ ಸಲ ಹತ್ತಾರು ಟೆಕ್ ಕೈ ಬದಲಾಗುತ್ತವೆ. ಮೊದಲು ಎಲ್ಲರನ್ನೂ ಭೇಟಿಯಾದವನಿಗೆ ಜಾತ್ರೆ. ಆದ್ದರಿಂದ ವ್ಯಾಪಾರವಿರುವ ಗೇಮ್‌ನಲ್ಲಿ ಅನ್ವೇಷಣಾ ಹಡಗಿನ ಬೆಲೆಯೂ ಕಷ್ಟದ ಮಟ್ಟದ ಭಾಗವೇ.

‘ಸ್ಟೆಲಾರಿಸ್’ ಇದಕ್ಕೆ ಏರುಗತಿಯ ಡಿಫಿಕಲ್ಟಿ ಎಂಬ ಆಯ್ಕೆ ಕೊಡುತ್ತದೆ: ಎಐ ಬೋನಸ್ ಶೂನ್ಯದಿಂದ ಶುರುವಾಗಿ ಕಾಲ ಕಳೆದಂತೆ ಪೂರ್ಣ ಮಟ್ಟಕ್ಕೆ ಏರುತ್ತದೆ. ಜೊತೆಗೆ ಕೊನೆಯ ಘಟ್ಟದಲ್ಲಿ ಇಡೀ ಗ್ಯಾಲಕ್ಸಿಯ ಮೇಲೆ ಎರಗುವ ಮಹಾಸಂಕಟವಿದೆ. ಅದು ಯಾರೊಂದಿಗೂ ವ್ಯಾಪಾರ ಮಾಡುವುದಿಲ್ಲ ಎಂಬುದನ್ನು ಗಮನಿಸಿ. ‘ಮಾಸ್ಟರ್ ಆಫ್ ಓರಿಯನ್ 2’ರ ಆಂಟಾರನ್ನರೂ ಹಾಗೆಯೇ, ಬಂದು ಹೊಡೆದು ಹೋಗುವವರು. ಮಾತಿಗೆ ಬಗ್ಗದ ಎದುರಾಳಿಯ ಬಲವನ್ನು ಡೆವಲಪರ್ ನೇರವಾಗಿ ಅಳೆದು ಇಡಬಹುದು, ಯಾವ ದಲ್ಲಾಳಿಯೂ ಅದನ್ನು ಕರಗಿಸಲಾರ.

ಆಡುವವರು ಏನು ಮಾಡಬಹುದು? ವ್ಯಾಪಾರದ ನಿಯಮವನ್ನು ಮೊದಲು ನಿರ್ಧರಿಸಿ, ಡಿಫಿಕಲ್ಟಿಯನ್ನು ಆಮೇಲೆ ಆರಿಸಿ. ಹೊಸದಾಗಿ ಕಲಿಯುತ್ತಿದ್ದರೆ ವ್ಯಾಪಾರ ಮುಚ್ಚಿ, ಸಮಬಲದ ಮಟ್ಟದಲ್ಲಿ ಒಂದು ಆಟ ಪೂರ್ತಿ ಆಡಿ. ನಿಮ್ಮ ಆರ್ಥಿಕತೆ ಮತ್ತು ಸೈನ್ಯ ಎಷ್ಟರ ಮಟ್ಟಿಗೆ ನಿಲ್ಲುತ್ತವೆ ಎಂದು ಶುದ್ಧವಾಗಿ ತಿಳಿಯುತ್ತದೆ. ಆಮೇಲೆ ವ್ಯಾಪಾರ ತೆರೆದು, ಮರುಮಾರಾಟ ಮಾತ್ರ ಮುಚ್ಚಿ ಆಡಿ. ಗೇಮ್‌ನಲ್ಲಿ ಅಂಥ ಆಯ್ಕೆ ಇಲ್ಲದಿದ್ದರೆ ಸ್ವಂತ ನಿಯಮ ಹಾಕಿಕೊಳ್ಳಿ, ಉದಾಹರಣೆಗೆ ನಾನಾಗಿ ಯಾರ ಬಾಗಿಲೂ ತಟ್ಟುವುದಿಲ್ಲ, ಎಐ ಕೇಳಿಕೊಂಡು ಬಂದರೆ ಮಾತ್ರ ಮಾತು. ಇಷ್ಟಕ್ಕೇ ಆಟ ಒಂದು ಮಟ್ಟ ಏರಿದಂತಾಗುತ್ತದೆ, ಕ್ಲಿಕ್ ಮಾಡುವ ಕೆಲಸವೂ ತಗ್ಗುತ್ತದೆ.

ಮಾಡ್ (ಗೇಮ್‌ನ ನಿಯಮ ಬದಲಿಸಿದ ಆವೃತ್ತಿ) ಮಾಡುವವರಿಗೆ ಇನ್ನೂ ನೇರವಾದ ಪರೀಕ್ಷೆ ಇದೆ. ಮನುಷ್ಯರಿಲ್ಲದೆ ಎಐಗಳನ್ನಷ್ಟೇ ಬಿಟ್ಟು ಒಂದೇ ನಕ್ಷೆಯನ್ನು ವ್ಯಾಪಾರದೊಂದಿಗೆ ಮತ್ತು ಇಲ್ಲದೆ ಓಡಿಸಿ, ಯಾವುದಾದರೂ ಒಂದು ದೊಡ್ಡ ಟೆಕ್ ಮೊದಲ ಸಾಮ್ರಾಜ್ಯಕ್ಕೆ ಮತ್ತು ಕೊನೆಯ ಸಾಮ್ರಾಜ್ಯಕ್ಕೆ ಯಾವ ಟರ್ನ್‌ನಲ್ಲಿ ಸಿಕ್ಕಿತು ಎಂದು ಬರೆದಿಡಿ. ವ್ಯಾಪಾರವಿದ್ದ ಓಟದಲ್ಲಿ ಮೊದಲನೆಯವರಿಗೆ ಅದು ಬಹಳ ಬೇಗ ಸಿಕ್ಕಿದ್ದರೆ ವ್ಯಾಪಾರ ಎಲ್ಲರ ವೇಗ ಹೆಚ್ಚಿಸುತ್ತಿದೆ, ಟೆಕ್ ಬೆಲೆ ಏರಿಸಬೇಕು. ಮೊದಲ ಮತ್ತು ಕೊನೆಯವರ ಅಂತರ ಕುಗ್ಗಿದ್ದರೆ ಹಿಂದುಳಿದವರಿಗೆ ನೆರವಾಗುತ್ತಿದೆ, ಅದು ಬೇಕಾದದ್ದೇ ಇರಬಹುದು. ಅಂತರ ಹಿಗ್ಗಿದ್ದರೆ ಕೆಲವರು ಗುಂಪುಕಟ್ಟಿಕೊಂಡು ಉಳಿದವರನ್ನು ಹೊರಗಿಟ್ಟಿದ್ದಾರೆ, ಮನುಷ್ಯ ಆಟಗಾರನೂ ಹೊರಗುಳಿದವರ ಜಾಗದಲ್ಲಿ ಕೂರುವ ಸಂಭವವೇ ಹೆಚ್ಚು. ಆಗ ಕೈ ಹಾಕಬೇಕಾದ್ದು ಬೋನಸ್‌ಗಲ್ಲ, ಎಐ ಯಾರನ್ನು ನಂಬುತ್ತದೆ ಎಂಬ ಸೂತ್ರಕ್ಕೆ.

ಮನುಷ್ಯರೇ ಎಂಟು ಜನ ಕೂತು ಆಡುವಾಗ ಈ ಯಾವ ಲೆಕ್ಕವೂ ಹೀಗೇ ನಿಲ್ಲುವುದಿಲ್ಲ. ಅಲ್ಲಿ ಟೆಕ್ ವಿನಿಮಯ ಎಂದರೆ ಮೈತ್ರಿಕೂಟ, ಮೂವರು ಒಳಗೊಳಗೇ ಸೇರಿಕೊಂಡರೆ ಉಳಿದ ಐವರ ಕಥೆ ಮೊದಲ ಗಂಟೆಯಲ್ಲೇ ಮುಗಿಯಿತು. ಅಂಥ ಆಟಗಳಿಗೆ ವಿನಿಮಯ ಪೂರ್ತಿ ಬಂದ್ ಮಾಡಿ, ಹರಡುವಿಕೆಯ ನಿಯಮ ಇದ್ದರೆ ಅದನ್ನು ಮಾತ್ರ ತೆರೆದಿಡುವುದು ಲೇಸು.